ಸದಸ್ಯರಲ್ಲದ ನಮ್ಮ ಮಾಸ್ತರರು

ಹೋದ ವಾರ ನಾರಾಯಣಪೇಟೆಯ ಬಜಾರಿನಲ್ಲಿ ಸೀರೆಗೆ ಫಾಲ್ ಹಚ್ಚಲು ಕೊಟ್ಟು ಕಾಯುತ್ತ ಕೂತಿದ್ದೆ. ದರ್ಜಿ ಹೊಲಿಗೆ ಯಂತ್ರವನ್ನು ವಾರೆ ಮಾಡಿ, ಉದ್ದ ಮೂತಿಯ ಡಬ್ಬಿಯಿಂದ ಅದರ ಸಂದಿಗಳಿಗೆ ಎಣ್ಣೆ ಬಿಟ್ಟ. ಆ ತೆಳು ವಾಸನೆ ಮೂಗಿಗೆ ಬಡಿದದ್ದೇ ತಡ, ಮಕ್ತಲ್‌ನ ಟೈಪಿಂಗ್ ಮಾಸ್ತರರು ಕಣ್ಣ ಮುಂದೆ ಬಂದು ನಿಂತರು. ಅವರ ಬೆರಳುಗಳಿಗೆ ಸದಾ ಅದೇ ವಾಸನೆ. ಕಂಪ್ಯೂಟರುಗಳು ಬಂದು ಟೈಪ್‌ರೈಟರುಗಳನ್ನು ಯಾರೂ ಮುಟ್ಟದಂತಾದ ಮೇಲೂ ಭಾನುವಾರ ಬೆಳಿಗ್ಗೆ ಒಂದೊಂದಕ್ಕೂ ಎಣ್ಣೆ ಬಿಟ್ಟು, ಒರೆಸಿ, ಬಟ್ಟೆ ಹೊದಿಸುತ್ತಿದ್ದರು...

ನಾನು ಟೈಪಿಂಗ್ ಕಲಿತದ್ದೂ, ಮೊದಲ ಸಲ ಕಂಪ್ಯೂಟರ್ ಮುಟ್ಟಿದ್ದೂ ಅವರ ಇನ್‌ಸ್ಟಿಟ್ಯೂಟಿನಲ್ಲೇ. ಆಮೇಲೆ ಎಂಸಿಎ ಮುಗಿಸಿ ನಾರಾಯಣಪೇಟೆಯ ಕಾಲೇಜಿಗೆ ಪಾಠ ಮಾಡಲು ಸೇರಿದೆ. ನಾರಾಯಣಪೇಟೆ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಕಂಪ್ಯೂಟರ್ ವೃತ್ತಿಯವರ ಸಂಘವೊಂದು ನಮ್ಮ ಭಾಗದಲ್ಲೂ ಶಾಖೆ ತೆರೆಯಲು ಒಪ್ಪಿತು. ಗದ್ವಾಲದ ಪ್ರಾಂಶುಪಾಲರೊಬ್ಬರು ಅಧ್ಯಕ್ಷರಾದರು, ನಾನು ಕಾರ್ಯದರ್ಶಿಯಾದೆ. ತಿಂಗಳಿಗೊಮ್ಮೆ ಭಾನುವಾರ ಎಲ್ಲಿ ಸೇರುವುದು ಎಂಬಲ್ಲಿಂದಲೇ ತಕರಾರು ಶುರುವಾಯಿತು. ಗದ್ವಾಲದವರಿಗೆ ನಾರಾಯಣಪೇಟೆ ದೂರ, ನಮಗೆ ಗದ್ವಾಲ ದೂರ. ಕೊನೆಗೆ ನಡುವೆ ಇರುವ ಮಕ್ತಲ್ ಎಂದಾಯಿತು. ನಾನು ಜಾಗ ಕೇಳಲು ಮಾಸ್ತರರ ಹತ್ತಿರ ಹೋದೆ.

"ಐತವಾರ ಹಾಲ್ ಖಾಲೀನ ಇರ್ತೈತಿ. ಇದರಾಗ ಕೇಳಾದೇನೈತ್ರೀ ಟೀಚರಮ್ಮ," ಎಂದರು. ನಾನು ಕೆಲಸಕ್ಕೆ ಸೇರಿದಂದಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ.

ಮೊದಲ ಸಭೆಗೆ ಬಂದವರು ಆರೇ ಜನ. ಮಾಸ್ತರರು ಕುರ್ಚಿ ಹಾಕಿ, ಮಡಕೆಗೆ ನೀರು ತುಂಬಿ, ಬಾಗಿಲಲ್ಲಿ ನಿಂತು ಬಂದವರ ಮುಖ ನೋಡಿಯೇ ಒಬ್ಬರಿಗೆ "ಬರ್ರಿ, ಬರ್ರಿ" ಎಂದು, ಇನ್ನೊಬ್ಬರಿಗೆ "ರಂಡಿ, ಕೂರ್ಚೋಂಡಿ" ಎಂದು ತೆಲುಗಿನಲ್ಲಿ ಕರೆದರು. ಮೂರನೆಯ ಸಭೆಗೆ ಹೈದರಾಬಾದಿನಿಂದ ಒಬ್ಬ ಉಪನ್ಯಾಸಕರು ಬಂದರು. ಅವರು ಬಾಯಿ ತೆರೆದ ಐದೇ ನಿಮಿಷಕ್ಕೆ ಕರೆಂಟ್ ಹೋಯಿತು, ಪರದೆ ಕಪ್ಪಾಯಿತು. ಅವರು ಹೊರಡಲೆಂದು ಚೀಲಕ್ಕೆ ಕೈ ಹಾಕುತ್ತಿದ್ದಾಗ ಮಾಸ್ತರರು ಒಳಗಿನಿಂದ ಹಳೇ ಕರಿಹಲಗೆಯನ್ನು ಹೊತ್ತು ತಂದು ಗೋಡೆಗೆ ಆನಿಸಿದರು.

"ಇದಕ್ಕ ಕರೆಂಟ್ ಬೇಕಾಗಂಗಿಲ್ರಿ."

ಆ ವರ್ಷದ ಅತ್ಯಂತ ಒಳ್ಳೆಯ ಪಾಠ ಅದೇ. ಸೀಮೆಸುಣ್ಣದಲ್ಲಿ ಚೌಕ ಬರೆದು, ಬಾಣ ಎಳೆದು ಆ ಉಪನ್ಯಾಸಕರು ವಿವರಿಸಿದ್ದು ನಮಗೆಲ್ಲ ತಲೆಗೆ ಹೋಯಿತು.

ಸಂಘದ ಒಂದು ಷರತ್ತಿತ್ತು. ವರ್ಷ ತುಂಬುವುದರೊಳಗೆ ಪೂರ್ಣ ಸದಸ್ಯರು ಹತ್ತು ಜನ ಆಗಬೇಕು, ಇಲ್ಲದಿದ್ದರೆ ಶಾಖೆ ರದ್ದು. ಪದವಿಯೋ ಡಿಪ್ಲೊಮಾವೋ ಇದ್ದವರು ಮಾತ್ರ ಪೂರ್ಣ ಸದಸ್ಯರು. ನಾವು ಒಂಬತ್ತಕ್ಕೆ ಬಂದು ನಿಂತುಬಿಟ್ಟೆವು. ಎರಡು ತಿಂಗಳು ಉಳಿದಿತ್ತು. ಅಧ್ಯಕ್ಷರು ಫೋನ್ ಮಾಡಿದರು. "ನಿಮ್ಮ ಮಾಸ್ತರನ್ನ ಸೇರಿಸ್ರಿ. ಡಿಪ್ಲೊಮಾ ಅಂತ ಬರದುಬಿಡ್ರಿ, ಯಾರು ನೋಡಾಕ ಬರ್ತಾರ," ಎಂದರು.

ನಾನು ಬರೆದೆ. ಯಾರೂ ಒತ್ತಾಯ ಮಾಡಲಿಲ್ಲ, ನನ್ನದೇ ಕೈ. ಅರ್ಜಿ ತುಂಬಿಕೊಂಡು ಮಕ್ತಲ್‌ಗೆ ಹೋಗಿ, ಸಹಿ ಮಾಡುವ ಜಾಗವನ್ನಷ್ಟೇ ತೋರಿಸಿದೆ. ಮಾಸ್ತರರು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ವಿದ್ಯಾರ್ಹತೆಯ ಹತ್ತಿರ ಅವರ ಬೆರಳು ನಿಂತಿತು.

"ತಪ್ಪು ಅಕ್ಷರ ಬಿದ್ರ ಏನ್ ಮಾಡಾಕ ಹೇಳಿದ್ದೆ ನಾನು?" ಎಂದು ಮೆಲ್ಲಗೆ ಕೇಳಿದರು.

"ಹೊಸ ಹಾಳೆ ತಗೊಳ್ಳಾಕ ಹೇಳಿದ್ರಿ, ಸರ್."

"ಹಂಗಾರ ಹೊಸ ಹಾಳಿ ಕೊಡ್ರಿ."

ಹೊಸ ಅರ್ಜಿಯಲ್ಲಿ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: ಹತ್ತನೇ ತರಗತಿ ಪಾಸು, ಟೈಪಿಂಗ್ ಹೈಯರ್ ಗ್ರೇಡ್. ದಸ್ತಖತ್ ಹಾಕಿ ನನ್ನ ಕಡೆ ಸರಿಸಿದರು. ಇಪ್ಪತ್ತು ದಿನಕ್ಕೆ ಅದು ತಿರಸ್ಕೃತವಾಗಿ ಬಂತು. ನಾನು ತಲೆ ತಗ್ಗಿಸಿಕೊಂಡೇ ತಿಳಿಸಿದೆ. "ಬರಾಬರ್ ಐತಲ್ರಿ ಅದು," ಎಂದರು, ಅಷ್ಟೇ. ಆಮೇಲೆ ಕಪಾಟಿನಿಂದ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿ, ಅಲ್ಲಿ ಕಲಿತುಹೋದವರ ಹೆಸರುಗಳನ್ನು ಒಂದೊಂದಾಗಿ ನೋಡತೊಡಗಿದರು.

ಅರವತ್ತು ದಾಟಿದ ಮನುಷ್ಯ, ಹತ್ತನೆಯ ಸದಸ್ಯರನ್ನು ಹುಡುಕಿಕೊಂಡು ಒಂದು ತಿಂಗಳು ಬಸ್ಸಿನಲ್ಲಿ ತಿರುಗಿದರು. ಗುಂಡುಮಾಲ್‌ನ ಹಳೇ ವಿದ್ಯಾರ್ಥಿ ತನಗೆ ಪುರುಸೊತ್ತಿಲ್ಲ ಎಂದ. ಉಂಡವಳ್ಳಿಯವನು ಕರ್ನೂಲಿಗೆ ಹೋಗಿ ನೆಲೆಸಿದ್ದ. ವಡ್ಡೆಪಲ್ಲಿಯಲ್ಲಿ ಒಬ್ಬಳು ಸಿಕ್ಕಳು. ಇಂಜಿನಿಯರಿಂಗ್ ಮುಗಿಸಿದವಳು, ಮದುವೆಯಾದ ಮೇಲೆ ಮನೆಯಲ್ಲೇ ಕೂತು ಗದ್ವಾಲದ ನೇಕಾರರಿಗೆ ಸೀರೆ ಅಂಚಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುತ್ತಿದ್ದಳು. ಅದು ಸಂಘಕ್ಕೆ ಹೇಳಿಕೊಳ್ಳುವಂಥ ಕೆಲಸ ಎಂದು ಅವಳಿಗೇ ಅನಿಸಿರಲಿಲ್ಲವಂತೆ.

"ಮುಂಜಾನಿಂದ ಸಂಜೀತನಕ ಕಂಪ್ಯೂಟರ್ ಮುಂದ ಕುಂದರ್ತಿ. ಮತ್ತ ಕೆಲಸ ಅಂದ್ರ ಏನು ತಂಗಿ?" ಎಂದು ಮಾಸ್ತರರು ಕೇಳಿದರಂತೆ. ಮುಂದಿನ ಸಭೆಗೆ ಅವಳು ಬಂದಳು. ಹತ್ತು ತುಂಬಿತು.

ವರ್ಷದ ಕೊನೆಯ ಸಭೆಗೆ ಕೇಂದ್ರ ಕಚೇರಿಯ ಹಿರಿಯರೊಬ್ಬರು ಮಾನ್ಯತೆ ಪತ್ರ ತಂದರು. ಸದಸ್ಯರು ಎದ್ದು ನಿಂತು ತಮ್ಮ ಓದು, ಉದ್ಯೋಗ ಹೇಳಬೇಕೆಂದರು. ಕಾರ್ಯದರ್ಶಿ ಎಂದು ಮೊದಲು ನಾನು. ಎಂಸಿಎ ಎಂದೆ, ಕಾಲೇಜಿನ ಹೆಸರು ಹೇಳಿದೆ, ಕೂತೆ. ಎಲ್ಲರೂ ಹಾಗೇ ಹೇಳಿದರು. ಕೊನೆಗೆ ವಡ್ಡೆಪಲ್ಲಿಯವಳು ಎದ್ದಳು. ಬಾಗಿಲ ಹತ್ತಿರ ಲೋಟ ತೊಳೆಯುತ್ತಿದ್ದ ಮಾಸ್ತರರ ಕಡೆ ನೋಡಿ, "ನಾನು ಮೊದಲು ಕಲಿತಿದ್ದು ಈ ಹಾಲ್‌ನಾಗ, ಇವರ ಕಡೇನ್ರಿ. ಇಂಜಿನಿಯರಿಂಗ್ ಅದರ ಮ್ಯಾಗ ಆತು," ಎಂದಳು.

ಅದೇ ಮಾತನ್ನು ನಾನೂ ಹೇಳಬಹುದಿತ್ತು... ಹೊರಗಿನಿಂದ ಬಂದವರ ಎದುರು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹೆಸರೆತ್ತಲು ನನಗೆ ನಾಲಿಗೆ ಹೊರಳಿರಲಿಲ್ಲ. ಊಟದ ಹೊತ್ತಿನಲ್ಲಿ ಮಾಸ್ತರರೇ ನನ್ನ ಎಲೆಗೆ ಎರಡನೆಯ ಸಲ ಪಲ್ಯ ಬಡಿಸಿದರು. ನಾನು ಅವರ ಮುಖ ನೋಡದೆ ಎಲೆ ಮಡಚಿದೆ.

ಎಷ್ಟೋ ವರ್ಷಗಳ ಮೇಲೆ, ನಾನೇ ಅಧ್ಯಕ್ಷೆಯಾದಾಗ, ಸಂಘ ನಿಯಮ ಸಡಿಲಿಸಿತು. ಪದವಿ ಇಲ್ಲದಿದ್ದರೂ ದೀರ್ಘಕಾಲ ಕಲಿಸಿದವರು ಸೇರಬಹುದು ಎಂದಾಯಿತು. ಅವತ್ತೇ ಬಸ್ಸು ಹತ್ತಿದೆ. ಹಾಲ್ ಮುಚ್ಚಿತ್ತು, ಮಾಸ್ತರರು ಮನೆಯಲ್ಲಿದ್ದರು, ಕಣ್ಣಿನ ಆಪರೇಷನ್ ಆಗಿತ್ತು. ಅರ್ಜಿಯನ್ನು ಮುಖದ ಹತ್ತಿರ ಹಿಡಿದು, ವಿದ್ಯಾರ್ಹತೆಯ ಸಾಲಿನಲ್ಲಿ ಅಂದಿನ ಮಾತನ್ನೇ ಬರೆದರು. ಅಕ್ಷರ ಸ್ವಲ್ಪ ನಡುಗಿತ್ತು.

"ಅವತ್ತು ಸಭೆಯಾಗ ನಿಮ್ಮ ಹೆಸರು ಹೇಳ್ಲಿಲ್ಲ ಸರ್ ನಾನು," ಎಂದೆ.

"ಯಾವತ್ತು?" ಎಂದರು. ನಾನು ಬಿಡಿಸಿ ಹೇಳಿದೆ. ಅವರು ಚಹಾದ ಲೋಟವನ್ನು ನನ್ನ ಕಡೆ ಸರಿಸಿ, "ನೆನಪಿಲ್ರೀ ಟೀಚರಮ್ಮ. ಚಾ ಕುಡೀರಿ, ಆರ್ತದ," ಎಂದರು. ನಿಜಕ್ಕೂ ಮರೆತಿದ್ದರೋ, ನನ್ನ ಸಲುವಾಗಿ ಮರೆತರೋ... ಇವತ್ತಿಗೂ ನನಗೆ ತಿಳಿಯದು.

ಸದಸ್ಯರಾಗಿ ಅವರು ಎರಡು ಸಭೆಗಳಿಗೆ ಬಂದರು. ಎರಡೂ ಸಲ ಹಿಂದಿನ ಸಾಲಿನಲ್ಲೇ ಕೂತರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ವಡ್ಡೆಪಲ್ಲಿಯವಳೂ ನಾನೂ ಮಣ್ಣಿಗೆ ಹೋಗಿದ್ದೆವು.

ಈಗ ಸದಸ್ಯತ್ವ ನವೀಕರಿಸುವ ಸಮಯ. ಪಟ್ಟಿ ನನ್ನ ಕಂಪ್ಯೂಟರಿನ ಪರದೆಯ ಮೇಲಿದೆ. ಒಂದು ಹೆಸರು ತೆಗೆಯಬೇಕಾದರೆ ಅದು ಕಾರಣ ಕೇಳುತ್ತದೆ: ಊರು ಬಿಟ್ಟಿದ್ದಾರೆ, ರಾಜೀನಾಮೆ, ನಿಧನ. ಮೂರರಲ್ಲಿ ಒಂದನ್ನು ಒತ್ತಿದರೆ ಸಾಕು. ಉಳಿದ ಸಾಲುಗಳೆಲ್ಲ ಮುಗಿದಿವೆ. ಆ ಒಂದನ್ನು ನಾಳೆ ಮಾಡಿದರಾಯಿತು ಎಂದು ನಾಲ್ಕು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.