ಬಾಗಿಲ ಬಳಿಯ ಜಾಗ

ಶಹಾಬಾದದ ಖಣಿಯಲ್ಲಿ ಮೀಸೆ ಮೂಡುವ ಮೊದಲೇ ಸುತ್ತಿಗೆ ಹಿಡಿದವನು ಖಂಡಪ್ಪ. ಹಗಲೆಲ್ಲ ನೆಲಕ್ಕೆ ಹಾಸುವ ಫರ್ಸಿಕಲ್ಲು ಎಬ್ಬಿಸುವುದು ಅವನ ಕಸುಬು. ಕ್ರೈಸ್ತರ ಓಣಿಯ ಸಣ್ಣ ಸಭೆಗೆ ಅವನೇ ಹಿರಿಯ. ಹಿರಿಯ ಎಂದರೆ ದೊಡ್ಡ ದೌಲತ್ತೇನಲ್ಲ ಬಿಡಿ. ಭಾನುವಾರ ಬೈಬಲ್ ಓದಬೇಕು, ಗಂಡಹೆಂಡಿರ ಜಗಳ ಬಿಡಿಸಬೇಕು, ಚರ್ಚಿನ ಕಸ ಹೊಡೆಯಬೇಕು. ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಪ್ರಭುಭೋಜನದ ರೊಟ್ಟಿ ಮುರಿಯುವ ಹಕ್ಕು ಮಾತ್ರ ಚಿತ್ತಾಪುರದಿಂದ ರೈಲಿನಲ್ಲಿ ಬರುವ ಮಾಣಿಕಪ್ಪ ಪಾದ್ರಿಯದು. ಪಾದ್ರಿಯಾಗುವಾಗ ಅವರ ತಲೆಯ ಮೇಲೆ ಬಿಷಪರು ಕೈಯಿಟ್ಟಿದ್ದರು, ಬಿಷಪರ ತಲೆಯ ಮೇಲೆ ಇನ್ನೊಬ್ಬರು; ಹಾಗೇ ಹಿಂದೆ ಹಿಂದೆ ಹೋದರೆ ಯೇಸುವಿನ ಶಿಷ್ಯರಾದ ಅಪೊಸ್ತಲರನ್ನೇ ಮುಟ್ಟುತ್ತದಂತೆ.

"ಅಪೊಸ್ತಲ ಅಂದ್ರ ದೇವ್ರು ಕಳಿಸ್ದಾಂವ," ಎನ್ನುತ್ತಿದ್ದರು ಪಾದ್ರಿ. "ಯಾರೂ ಕಳಿಸ್ಲಾರ್ದ ತಾನೇ ಬಂದಾಂವ ಕಳ್ಳ."

ಖಂಡಪ್ಪ ಇದನ್ನು ಎಷ್ಟು ನಂಬಿದ್ದನೆಂದರೆ, ಖಣಿಯ ಜೊತೆಗಾರ, ಅದೇ ಸಭೆಯ ಸಾಯಬಣ್ಣ ಮಗಳ ಜ್ವರಕ್ಕೆ ಹೆದರಿ ದರ್ಗಾದಲ್ಲಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಾಗ, ಅದನ್ನು ಪಾದ್ರಿಯ ಕಿವಿಗೆ ಹಾಕಿದವನು ಇವನೇ. ಪಾದ್ರಿ ತಪ್ಪುದಂಡ ಹಾಕಿದರು: ತಾವೇ ತಲೆಯ ಮೇಲೆ ಕೈಯಿಟ್ಟು ಒಳಗೆ ಕರೆಯುವ ತನಕ ಸಾಯಬಣ್ಣ ಬಾಗಿಲ ಬಳಿ, ಚಪ್ಪಲಿಗಳ ಹತ್ತಿರ ಕೂಡಬೇಕು, ರೊಟ್ಟಿ ಮುಟ್ಟುವಂತಿಲ್ಲ. ಮಗಳು ಉಳಿದಳು, ಅಪ್ಪ ಬಾಗಿಲಲ್ಲಿ ಕುಳಿತ. ಒಮ್ಮೆಯೂ ಖಂಡಪ್ಪನಿಗೆ ಬೈಯಲಿಲ್ಲ. ಬೈದಿದ್ದರೆ ಇವನಿಗೆ ನಿದ್ದೆಯಾದರೂ ಬರುತ್ತಿತ್ತು.

1948ರ ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಪಾದ್ರಿ ಬರುತ್ತಿದ್ದ ವಾಡಿಯ ಕಡೆಯ ರೈಲು ನಿಂತಿತು. ದಾರಿಗೆ ಇಳಿಯಲು ಯಾರಿಗೂ ಎದೆಯಿರಲಿಲ್ಲ. ಹೊಟ್ಟೆ ಕೇಳಬೇಕಲ್ಲ, ಸಾಯಬಣ್ಣ ಖಂಡಪ್ಪನ ಜೊತೆ ಖಣಿಗೆ ಹೋದ. ಮಧ್ಯಾಹ್ನ ಕಲ್ಲು ಜಾರಿ ಸಾಯಬಣ್ಣನ ಎದೆಯ ಮೇಲೆ ಬಿತ್ತು.

"ಖಂಡಣ್ಣಾ, ನನ್ನ ಒಳಗ ಕರೀ," ಎಂದ ಮನೆಯಲ್ಲಿ ಮಲಗಿದ ಸಾಯಬಣ್ಣ. "ಹೊರಗ ಸಾಯಾಕ ಅಂಜಿಕಿ ಆಗಾಕತ್ತದ."

"ಪಾದ್ರಿಯವ್ರು ಬರ್ಲಿ, ತಡಿ."

"ಎಲ್ಲಿಂದ ಬರ್ತಾರ?"

ಕೈಯಿಟ್ಟರೆ ಖಂಡಪ್ಪ ತಾನೇ ಕಳ್ಳ, ಹಿರಿತನ ಹೋಗುತ್ತದೆ. ಇಡದಿದ್ದರೆ, ತಾನು ಹೊರಗೆ ಹಾಕಿಸಿದವನು ಹೊರಗೇ ಸಾಯುತ್ತಾನೆ. ಸಾಯಬಣ್ಣನ ಉಸಿರು ಗೊರಗೊರ ಎನ್ನತೊಡಗಿತು.

"ಏನರ ಮಾಡ್ರಿ ಭಾವಾ," ಎಂದಳು ಸಾಯಬಣ್ಣನ ಹೆಂಡತಿ ಚಂದಮ್ಮ.

ಬುಟ್ಟಿಯಲ್ಲಿ ಜೋಳದ ರೊಟ್ಟಿಯಿತ್ತು. ಖಂಡಪ್ಪ ಕಲ್ಲುಪುಡಿ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅವನ ತಲೆಯ ಮೇಲಿಟ್ಟ. "ಒಳಗ ಬಾ, ಸಾಯಬಣ್ಣ," ಎಂದು ಚೂರು ಮುರಿದು, ನೀರಲ್ಲಿ ನೆನೆಸಿ ಅವನ ನಾಲಿಗೆಗೆ ಹಚ್ಚಿದ. ಸಾಯಬಣ್ಣ ನುಂಗಿದ. ಹೊತ್ತು ಮುಳುಗುವುದರೊಳಗೆ ಹೋಗಿಬಿಟ್ಟ.

ರೈಲು ಶುರುವಾಗಿ ಪಾದ್ರಿ ಬಂದಾಗ, ಖಂಡಪ್ಪ ತಾನೇ ಸಭೆಯ ಮುಂದೆ ನಿಂತು ಎಲ್ಲ ಹೇಳಿದ.

"ನಿನ್ನ ಕಳಿಸ್ದವ್ರು ಯಾರು?" ಕೇಳಿದರು ಪಾದ್ರಿ.

"ಕಳಿಸ್ದವ್ರು ಗೊತ್ತಿಲ್ರಿ ಅಯ್ಯನವ್ರ. ಕರ್ದಾಂವ ಸಾಯಬಣ್ಣ."

ಪಾದ್ರಿ ಕೆಟ್ಟವರಲ್ಲ. ಒಬ್ಬನಿಗೆ ಸಡಿಲ ಬಿಟ್ಟರೆ ನಾಳೆ ಓಣಿಗೊಬ್ಬ ಅಪೊಸ್ತಲ ಏಳುತ್ತಾನೆಂಬ ಹೆದರಿಕೆ ಅವರಿಗೆ. ಬಾಗಿಲ ಕಡೆ ಕೈ ತೋರಿಸಿದರು. ಖಂಡಪ್ಪ ಹೋಗಿ ಸಾಯಬಣ್ಣ ಕೂಡುತ್ತಿದ್ದ ಜಾಗದಲ್ಲೇ ಕುಳಿತ.

ರೊಟ್ಟಿ ಹಂಚಿದರು. ಚಂದಮ್ಮ ತನ್ನ ಚೂರನ್ನು ತಿನ್ನದೆ ಬಾಗಿಲಿಗೆ ತಂದು ಅವನ ಮುಂದೆ ಹಿಡಿದಳು.

"ಬ್ಯಾಡವ್ವಾ," ಎಂದ ಖಂಡಪ್ಪ. "ಅಂವಂದು ಸಾಯೋ ಹೊತ್ತಾಗಿತ್ತು. ನಾ ಕಾಯ್ತೀನಿ."

ಚಂದಮ್ಮ ಅಲ್ಲಿಂದ ಕದಲಲಿಲ್ಲ. ಪಾದ್ರಿಯತ್ತ ತಿರುಗಿದಳು. "ಅಯ್ಯನವ್ರ, ಇವ್ರು ಒಳಗ ಕರ್ದಿದ್ದು ಸುಳ್ಳಾದ್ರ, ನನ್ನ ಗಂಡ ಈಗ ಎಲ್ಲಿ ಕುಂತಾನ್ರಿ?"

ಪಾದ್ರಿ ಬಟ್ಟಲನ್ನು ಮೇಜಿನ ಮೇಲಿಟ್ಟು ಬಾಗಿಲ ತನಕ ನಡೆದು ಬಂದರು. ಚಪ್ಪಲಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಖಂಡಪ್ಪನ ತಲೆಯ ಮೇಲೆ ಕೈಯಿಟ್ಟರು.

"ಒಳಗ ಬಾ, ಖಂಡಪ್ಪ," ಎಂದರು.