ಅಜ್ಜನ ಜಿಪಿಎಸ್ ತೋರಿಸಿದ ದಾರಿ

ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಮೆಲ್ಲಗೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದವಳು. ಸುಳ್ಳು ಎನ್ನುವ ಧೈರ್ಯ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಮಕ್ಕಳೇ, ಇದನ್ನು ಓದುತ್ತ ನೀವೂ ಎದ್ದು ಹೋದರೆ ನನಗೆ ಬೇಸರವಿಲ್ಲ.

ನಿಮ್ಮ ಅಜ್ಜ ಹೊನ್ನಾವರ ಬಂದರಿನಲ್ಲಿ ತಾಂಡೇಲರು. ಬೋಟು ನಡೆಸುವುದು, ಮೀನಿನ ಜಾಗ ಹುಡುಕುವುದು ಅವರ ಕೆಲಸ. ಮೀನು ಸಿಕ್ಕ ಜಾಗಗಳನ್ನು ಜಿಪಿಎಸ್ ಪೆಟ್ಟಿಗೆಯಲ್ಲಿ ಗುರುತು ಹಾಕಿಡುತ್ತಿದ್ದರು. ಬೇರೆ ಬೋಟು ಹತ್ತಿರ ಬಂದರೆ ಹೆಗಲ ಮೇಲಿನ ಪಾಣಿಪಂಚೆ ತೆಗೆದು ಅದರ ಪರದೆಗೆ ಹೊದಿಸುವುದು ತಾಂಡೇಲರೆಲ್ಲರ ರೂಢಿ. ಅಜ್ಜ ಸ್ವಂತ ಮಗನ ಎದುರೂ ಹೊದಿಸಿದರು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ನಿಮ್ಮ ಅಪ್ಪ ಭಟ್ಕಳದ ಬೋಟಿಗೆ ಹೋಗತೊಡಗಿದ. ಮಾತಿಲ್ಲದ ಇಬ್ಬರಿಗೂ ಅನ್ನ ಬಡಿಸಿ ಬಡಿಸಿ ನನಗೆ ಸಾಕಾಗಿತ್ತು. ಹಾಗೆಯೇ ಅಜ್ಜ ತೀರಿಕೊಂಡರು.

ಬೋಟು ನಿಮ್ಮ ಅಪ್ಪನ ಕೈಗೆ ಬಂದು ಒಂದೆರಡು ಮಳೆಗಾಲ ಕಳೆದ ಮೇಲೆ ಅವನು ಹೊಸ ಯಂತ್ರಗಳನ್ನು ಹಾಕಿಸಿದ. ದೊಡ್ಡ ಪರದೆ, ನೀರಿನ ಆಳ ತೋರಿಸುವ ಫಿಶ್ ಫೈಂಡರ್, ಎಲ್ಲಕ್ಕೂ ಒಂದೇ ವೈರು. ಒಂದಕ್ಕೆ ಕಂಡದ್ದು ಇನ್ನೊಂದಕ್ಕೂ ಗೊತ್ತಾಗುತ್ತಿತ್ತು. ಅಜ್ಜನ ಪೆಟ್ಟಿಗೆಯನ್ನೂ ಜೋಡಿಸಿ ಗುರುತುಗಳನ್ನು ಹೊಸದಕ್ಕೆ ತರಬೇಕೆಂದು ನೂಲ ಹುಣ್ಣಿಮೆಯ ಬೆಳಿಗ್ಗೆ ಮೆಕ್ಯಾನಿಕ್ ಬಂದು ಬಹಳ ಹೊತ್ತು ಕೂತ.

"ಎಂತ ಮಾಡೂದು, ಒಂದಕ್ಕೊಂದು ಮಾತೇ ಆಡೂದಿಲ್ಲ" ಎಂದ.

"ನಮ್ಮನೆ ಪೆಟ್ಟಿಗೆ ಅಲ್ವಾ" ಎಂದು ನಿಮ್ಮ ಅಪ್ಪ ವೈರು ಕಿತ್ತು, ಪಾಣಿಪಂಚೆ ಸುತ್ತಿ ನನ್ನ ಮಡಿಲಿಗಿಟ್ಟ.

ಅಂದು ಸಮುದ್ರಪೂಜೆಗೆ ಮನೆಯವರೆಲ್ಲ ಬೋಟು ಹತ್ತಿದ್ದೆವು. ಗಂಡ ಸತ್ತವಳು ಬೇಡ ಎಂದು ನಾನು ಹಿಂದೆ ಸರಿದರೂ ಅವನು ಬಿಟ್ಟಿರಲಿಲ್ಲ. ನೀವಿಬ್ಬರೂ ಚಿಕ್ಕವರು, ನನ್ನ ಪಕ್ಕದಲ್ಲೇ ನಿದ್ದೆ ಹೋಗಿದ್ದಿರಿ. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಮರಳುವಾಗ ಮಳೆ ಕವಿದು ದಡವೇ ಕಾಣದಾಯಿತು. ಬಂದರಿಗೆ ಬರಲು ಶರಾವತಿ ಸಮುದ್ರ ಸೇರುವ ಅಳಿವೆಯನ್ನು ದಾಟಬೇಕು, ಅಲ್ಲಿ ಪ್ರತಿ ಮಳೆಗಾಲಕ್ಕೂ ಮರಳು ಜಾಗ ಬದಲಿಸುತ್ತದೆ. ಬೋಟು ಅದರ ಮೇಲೆ ಕೂತರೆ ಅಲೆ ಮಗುಚಿಹಾಕುತ್ತದೆ. ಫಿಶ್ ಫೈಂಡರಿನಲ್ಲಿ ಆಳ ಕಡಿಮೆಯಾಗುತ್ತಲೇ ಬಂತು. ನಾನು ನಿಮ್ಮನ್ನು ಹತ್ತಿರ ಎಳೆದುಕೊಂಡೆ.

ಆಗ ಮಡಿಲಲ್ಲಿ ಪಾಣಿಪಂಚೆಯೊಳಗಿಂದ ಬೆಳಕು ಬಂತು. ಬಿಚ್ಚಿದೆ. ವೈರಿಲ್ಲದ ಪೆಟ್ಟಿಗೆಯಲ್ಲಿ, ಬೋಟು ಹೋದ ದಾರಿಗೆ ಮೂಡುವಂಥ ಒಂದು ಗೆರೆ. ತಲೆಯೆತ್ತಿದರೆ ಹೊಸ ಪರದೆಯಲ್ಲೂ ಅದೇ ಗೆರೆ, ಬಲಕ್ಕೆ ಬಾಗಿ ಹೊಳೆಯ ಒಳಗೆ ಹೋಗಿತ್ತು.

ನಿಮ್ಮ ಅಪ್ಪ ಎರಡನ್ನೂ ನೋಡಿದ. "ಆತು" ಎಂದ, ಮೆಲ್ಲಗೆ. ಸಣ್ಣವನಿದ್ದಾಗ ಅಜ್ಜ ಏನಾದರೂ ಕೆಲಸ ಹೇಳಿದರೆ ಹಾಗೆಯೇ ಅನ್ನುತ್ತಿದ್ದ. ಬೋಟು ಬಲಕ್ಕೆ ತಿರುಗಿತು. ಆಳ ಹೆಚ್ಚಿತು. ತನ್ನ ಬೆನ್ನಿಗೇ ಬರುವಂತೆ ಹಿಂದಿನ ಬೋಟುಗಳಿಗೂ ವೈರ್‌ಲೆಸ್‌ನಲ್ಲಿ ಹೇಳಿದ. ಎಲ್ಲರೂ ದಡ ಸೇರಿದೆವು.

ಹಗ್ಗ ಕಟ್ಟುವಷ್ಟರಲ್ಲಿ ಎರಡರಲ್ಲೂ ಗೆರೆ ಇರಲಿಲ್ಲ. ಪೆಟ್ಟಿಗೆಯೊಳಗೆ ಒಂದಿಷ್ಟು ಚಾರ್ಜ್ ಉಳಿದಿರಬಹುದು ಎಂದ ಮೆಕ್ಯಾನಿಕ್. ಇರಬಹುದು. ಆದರೆ ಆ ಮರಳು ಅಲ್ಲಿಗೆ ಬಂದದ್ದು ಅದೇ ಮಳೆಗಾಲದಲ್ಲಿ. ಅಜ್ಜ ಆ ದಾರಿಯಲ್ಲಿ ಹೋದದ್ದು ಯಾವಾಗ? ನನಗೆ ತಿಳಿಯಲಿಲ್ಲ, ಯೋಚಿಸಿ ಯೋಚಿಸಿ ದಣಿದಿದ್ದೇನೆ.

ಪೆಟ್ಟಿಗೆ ನನ್ನ ಹಾಸಿಗೆಯ ಪಕ್ಕದಲ್ಲಿದೆ. ಮತ್ತೆ ಒಮ್ಮೆಯೂ ಬೆಳಗಿಲ್ಲ. ನನಗೂ ಏನಾದರೂ ಹೇಳುವುದಿದ್ದರೆ ಹೇಳಲಿ ಎಂದು ಪಾಣಿಪಂಚೆ ಹೊದಿಸಿಲ್ಲ.