ನಿಂಗಿಯ ತಲೆ ಮುಟ್ಟಿ ಮಾಡಿದ ಆಣೆ

ಮಾನಸ, ಪವನ, ಮೊನ್ನೆ ನಮ್ಮ ಹಾಸನದ ಮನೆಯಲ್ಲಿ ಮಾನಸ ಪೆಟ್ಟಿಗೆ ತುಂಬುತ್ತಿದ್ದಾಗ ಔಷಧಿ ಡಬ್ಬಿಯೊಳಗಿನ ಟಿಂಚರ್ ಸೀಸೆ ಸ್ವಲ್ಪ ಸೋರಿತು. ನಾನು ಎದ್ದು ಹಿತ್ತಿಲಿಗೆ ಹೋದೆ. ಅಜ್ಜಿಗೆ ತಲೆ ಸುತ್ತು ಬಂತೆಂದು ನೀವು ನೀರು ತಂದಿರಿ. ಅದು ತಲೆ ಸುತ್ತಲ್ಲ, ಆ ವಾಸನೆ. ಮಾನಸ ಕೀನ್ಯಾ ದೇಶಕ್ಕೆ ಹೋಗಿ ಮೂರು ತಿಂಗಳು ಸಂಬಳವಿಲ್ಲದೆ ಅಲ್ಲಿನ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಹಾಗೆಯೇ ದೂರದ ದೇಶದಿಂದ ಬಂದು ನನಗೆ ಪಾಠ ಹೇಳಿದವರೊಬ್ಬರಿದ್ದರು. ಅವರ ಕೈಗೆ ಇದೇ ವಾಸನೆ ಇತ್ತು. ಈ ಸಂಗತಿಯನ್ನು ನಾನು ನಿಮ್ಮ ತಾತನಿಗೂ ಹೇಳಿರಲಿಲ್ಲ. ಎದುರು ಕೂತು ಹೇಳಲು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ ಮನೆ ಅರಕಲಗೂಡಿನಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿತ್ತು. ದೊಡ್ಡ ತೊಟ್ಟಿಮನೆ. ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಸೊಪ್ಪಿನ ಘಾಟು ನಮ್ಮ ಬಟ್ಟೆಗೆ, ಕೂದಲಿಗೆ, ಮಜ್ಜಿಗೆಗೂ ಹತ್ತಿರುತ್ತಿತ್ತು. ಬೀದಿ ಕಡೆಯ ಕೋಣೆಯಲ್ಲಿ ಅಮೆರಿಕಾದಿಂದ ನಮ್ಮೂರ ಶಾಲೆಗೆ ಪಾಠ ಹೇಳಲು ಬಂದ ರೂತ್ ಮಿಸ್ಸು ಇದ್ದರು. ಊರಿನವರ ಬಾಯಲ್ಲಿ ರೂತಮ್ಮ. ಒಳಮನೆಗೆ ಅವರು ಬರುವಂತಿರಲಿಲ್ಲ. ಕನ್ನಡವನ್ನು ಪುಸ್ತಕದಿಂದ ಕಲಿತವರು, "ಅಜ್ಜಿಯವರೇ, ನೀವು ಊಟವನ್ನು ಮಾಡಿದಿರಾ?" ಎಂದು ಹೊಸಿಲಾಚೆ ನಿಂತು ಕೇಳುತ್ತಿದ್ದರು. ನಮ್ಮಜ್ಜಿ ಬಾಯಿಗೆ ಸೆರಗು ಹಿಡಿದು, "ಇವಳ ಬಾಯಾಗೆ ಮಾತು ಇಸ್ತ್ರಿ ಆಕ್ಕೊಂಡು ಬತ್ತದೆ ಕಣೇ" ಎಂದು ನಗುತ್ತಿದ್ದರು. ಅದನ್ನು ಅಣಕಿಸಿ ತೋರಿಸುವವಳು ನಿಂಗಿ. ಅವಳು ನನ್ನ ಸೋದರತ್ತೆಯ ಮಗಳು, ಹೊಳೆನರಸೀಪುರದ ಕಡೆಯವಳು. ಶಾಲೆಗೆಂದು ನಮ್ಮಲ್ಲಿದ್ದಳು. ಇಬ್ಬರಿಗೂ ಹತ್ತು ವರ್ಷ, ಇಬ್ಬರಿಗೂ ಒಂದೇ ಕಂಬಳಿ. ಅವಳಿಗೆ ಎಷ್ಟು ಬಾಯಿಯೋ ನನಗೆ ಅಷ್ಟು ಸಂಕೋಚ.

ಒಂದು ದಿನ ಬ್ಯಾರನ್ ಹಿಂದೆ ಜೊಲ್ಲು ಸುರಿಸುತ್ತಿದ್ದ ನಾಯಿಯೊಂದು ನಿಂಗಿಯ ಮೀನಖಂಡಕ್ಕೆ ಬಾಯಿ ಹಾಕಿತು. ಗಾಯ ದೊಡ್ಡದಲ್ಲ. ಪಕ್ಕದೂರಿನ ಮದ್ದು ಕೊಡುವವನ ಹತ್ತಿರ ಅಜ್ಜಿ ಸೊಪ್ಪು ಅರೆಸಿ ತಂದು ಕಟ್ಟಿದರು. ಇಪ್ಪತ್ತೊಂದು ದಿನ ಬೇರೆ ಔಷಧಿ ಸೋಕಬಾರದು, ಹೊರಗಿನವರ ಕಿವಿಗೆ ಬೀಳಬಾರದು, ಬಿದ್ದರೆ ಮದ್ದು ಹಿಡಿಯುವುದಿಲ್ಲ ಎಂದು ಅವನು ಹೇಳಿದ್ದನಂತೆ. "ಆಸ್ಪತ್ರೆಗೆ ಓದ್ರೆ ಒಟ್ಟೆಗೆ ಅದಿನಾಕು ಸೂಜಿ ಚುಚ್ತಾರೆ ಕಣವ್ವ, ಎಳೇ ಮಗ ತಡ್ಕತದಾ?" ಎಂದು ಅಜ್ಜಿ ಅತ್ತರು. ಕೆಟ್ಟವರಲ್ಲ ಅವರು. ಆಮೇಲೆ ನನ್ನ ಕೈ ಹಿಡಿದು ನಿಂಗಿಯ ತಲೆಯ ಮೇಲಿಟ್ಟು ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿದರು. ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಅವರು ಉಳಿಯುವುದಿಲ್ಲ. ಇದು ನಮ್ಮೂರಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು.

ಮಾರನೆಯ ದಿನ ನಿಂಗಿ ಕುಂಟುವುದನ್ನು ರೂತಮ್ಮ ಕಂಡರು. ಬಿದ್ದೆ ಎಂದಳು ಅವಳು. ಅನುಮಾನ ಬಂದಿರಬೇಕು, ಇಡೀ ತರಗತಿಯ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿ ಅವಳಿಗೆ ಏನಾಯಿತೆಂದು ಕೇಳಿದರು. ನಾನು ನೆಲ ನೋಡಿದೆ. ಹಿರಿಯರು ಮಾತಾಡಿಸಿದರೆ ನಾವು ಹಾಗೇ ನಿಲ್ಲುವುದು. ಅವರ ದೇಶದಲ್ಲಿ ಅದಕ್ಕೆ ಬೇರೆ ಅರ್ಥವಿತ್ತೋ ಏನೋ. ಗದ್ದ ಹಿಡಿದು ಮುಖ ಎತ್ತಿದರು. "ನನ್ನ ಕಣ್ಣನ್ನು ನೋಡಿ ಸತ್ಯವನ್ನು ಹೇಳು." ನಲವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಿಂಗಿಯೂ ನೋಡುತ್ತಿದ್ದಳು. "ಬಿದ್ಲು ಮಿಸ್" ಎಂದೆ. ಕಣ್ಣು ನೋಡಿ ಹೇಳಿದ್ದಕ್ಕೆ ಅವರು ನಂಬಿದರು. ಸೊಪ್ಪು ತೊಳೆದು ಟಿಂಚರ್ ಹಚ್ಚಿದರು. ನಿಂಗಿ ಉರಿ ತಾಳದೆ, "ಅಯ್ಯೋ, ನಾನು ಸತ್ತುಹೋಗುವೆನು!" ಎಂದು ರೂತಮ್ಮನ ಕನ್ನಡದಲ್ಲೇ ಕೂಗಿದಳು. ಎಲ್ಲರೂ ನಕ್ಕೆವು. ರೂತಮ್ಮನೂ ನಕ್ಕರು.

ಗಾಯ ಮಾಯಿತು. ತಿಂಗಳ ಮೇಲೆ ಒಂದು ಬೆಳಿಗ್ಗೆ ನಿಂಗಿಗೆ ಜ್ವರ ಬಂತು. ಬಾಯಾರಿಕೆ ಎನ್ನುತ್ತಿದ್ದಳು, ಚೊಂಬು ಕಂಡರೆ ಗಂಟಲು ಬಿಗಿದು ಕಿರುಚುತ್ತಿದ್ದಳು. ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಾಸನಕ್ಕೆ ಹೋದರು. ಕಚ್ಚಿದಾಗಲೇ ಕರೆತಂದಿದ್ದರೆ ಸೂಜಿ ಹಾಕಿ ಉಳಿಸಬಹುದಿತ್ತು ಎಂದರಂತೆ ಡಾಕ್ಟರು. ಮೂರನೆಯ ದಿನ ಅದೇ ಕಂಬಳಿಯಲ್ಲಿ ಹೆಣ ಬಂತು. ಅಜ್ಜಿ ಬೀದಿಗೆ ಬಂದು ರೂತಮ್ಮನ ಮುಂದೆ ಎದೆ ಬಡಿದುಕೊಂಡರು. "ನಿನ್ನ ಔಸ್ತಿ ಸೋಕಿ ನಮ್ಮ ನಾಯಿ ಮದ್ದು ಕೆಟ್ಟೋಯ್ತು! ಮಗೀನ ತಿಂದ್ಬುಟ್ಟಲ್ಲೇ!" ನಾಯಿ ಎಂಬ ಮಾತು ರೂತಮ್ಮನ ಕಿವಿಗೆ ಬಿದ್ದದ್ದು ಆಗಲೇ.

ತಿಥಿಯ ಮಾರನೆಯ ದಿನ ನಾನು ಹಿತ್ತಿಲಲ್ಲಿ ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದೆ. ರೂತಮ್ಮ ಬಂದು ಪಕ್ಕದಲ್ಲಿ ನೆಲಕ್ಕೇ ಕೂತರು. ಏನೂ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಕಾಳು ಸಿಡಿದು ಎಲ್ಲೆಲ್ಲೋ ಬೀಳುತ್ತಿತ್ತು. ಅರ್ಧ ಮೊರ ತುಂಬಿದ ಮೇಲೆ ನಾನಾಗಿಯೇ ಬಾಯಿ ಬಿಟ್ಟೆ. "ಅಜ್ಜಿ ಆಣೆ ಆಕ್ಸಿದ್ರು ಮಿಸ್. ಏಳಿದ್ರೆ ನಿಂಗಿ ಸತ್ತೋಯ್ತಾಳೆ ಅಂದಿದ್ರು."

ಅವರ ಕೈ ನಿಂತಿತು. "ನಾನು ಮೊದಲೇ ಇಲ್ಲಿಗೆ ಬಂದು ಕುಳಿತುಕೊಳ್ಳಬೇಕಿತ್ತು" ಎಂದರು. ರಾಶಿ ಮುಗಿಯುವವರೆಗೂ ಸುಲಿದರು. ಆ ವಾರವೇ ಊರು ಬಿಟ್ಟರು. ಬಸ್ಸಿನವರೆಗೆ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಮಾನಸ, ಅಲ್ಲಿ ಮಗುವೊಂದು ತಲೆ ತಗ್ಗಿಸಿ ನಿಂತರೆ ಗದ್ದ ಎತ್ತಬೇಡ. ಅದರ ಮನೆಯಲ್ಲೂ ಪ್ರೀತಿಯಿಂದಲೇ ಏನೋ ಆಣೆ ಹಾಕಿಸಿರಬಹುದು. ಅದು ಮಾಡುತ್ತಿರುವ ಕೆಲಸಕ್ಕೆ ನೀನೂ ಕೈ ಹಾಕಿ ಪಕ್ಕದಲ್ಲಿ ಕೂತಿರು. ತಡ ಮಾಡಬೇಡ.

ಆ ಮನೆ ಈಗಿಲ್ಲ, ಅಲ್ಲಿ ಯಾರೋ ಶುಂಠಿ ಬೆಳೆಯುತ್ತಾರೆ. ಅಜ್ಜಿ, ಅಪ್ಪ, ಅತ್ತೆ ಎಲ್ಲರೂ ಹೋದರು. ನಿಂಗಿಯ ಒಂದು ಫೋಟೊ ಕೂಡ ಯಾರೂ ತೆಗೆಸಿರಲಿಲ್ಲ. ಅವಳ ಮುಖ ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ನಾನು ಹೋದ ಮೇಲೆ ಅಂಥವಳೊಬ್ಬಳು ಇದ್ದಳೆಂದು ಹೇಳಲು ಈ ಹಾಳೆಗಳಷ್ಟೇ ಇರುತ್ತವೆ. ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.